ಹಳದಿ ಬೋರ್ಡಿನ ಯಜಮಾನ

ನಮ್ಮ ಕಾರಿನ ನಂಬರ್ ಪ್ಲೇಟು ಹಳದಿ. ಹಾಗಾಗಿ ಅದರ ಸ್ಟಿಯರಿಂಗ್ ಹಿಡಿದು ಕೂತಿರುವ ನಾನು ಬ್ಯಾಂಕಿನಿಂದ ಹಾರ ತುರಾಯಿ ಹಾಕಿಸಿಕೊಂಡು ನಿವೃತ್ತನಾದ ಮನುಷ್ಯ ಎಂಬುದು ಹೆಬ್ಬಾಳ ಕೆಂಪಾಪುರದಲ್ಲಿ ಯಾರಿಗೂ ಹೊಳೆಯುವುದಿಲ್ಲ. ಕಲ್ಯಾಣ ಮಂಟಪದ ಗೇಟಿನಲ್ಲಿ ಸೆಕ್ಯುರಿಟಿಯವನು ನನ್ನ ರೇಷ್ಮೆ ಪಂಚೆಯನ್ನಾಗಲಿ ಜರಿ ಶಲ್ಯವನ್ನಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳದೆ, "ಮೇಡಮ್ನೋರನ್ನ ಇಲ್ಲೇ ಇಳಿಸ್ಬಿಟ್ಟು ಗಾಡಿ ಹಿಂದ್ಗಡೆ ಹಾಕಣ್ಣ. ಡ್ರೈವರ್‌ಗಳ ಊಟ ಕೊನೇ ಪಂಕ್ತಿ" ಅನ್ನುತ್ತಾನೆ. ಹಿಂದಿನ ಸೀಟಿನ ಮೇಡಮ್ನೋರು ಅದನ್ನು ತಿದ್ದುವ ಗೋಜಿಗೆ ಹೋಗುವುದಿಲ್ಲ. ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿದರೆ ಸೀರೆಯ ನೆರಿಗೆ ಹಾಳಾಗುತ್ತದೆಂದು ನನ್ನವಳು ಮೊದಲಿನಿಂದಲೂ ಹಿಂದೆಯೇ ಕೂರುವುದು. ಪ್ಲೇಟಿನ ಬಣ್ಣ ಬದಲಾದ ಮೇಲೆ ಆ ಕೂರುವಿಕೆಗೆ ಒಂದು ಗತ್ತು ಬಂದಿದೆ, ಅಷ್ಟೆ.

ಮೂರನೇ ಮಹಡಿಯ ಬಾಡಿಗೆಯವರು ಒಂದು ರಾತ್ರಿ ಬಾಗಿಲು ತಟ್ಟಿ, "ನಾಳೆ ಬೆಳಗಿನ ಜಾವ ಏರ್‌ಪೋರ್ಟ್ ಡ್ರಾಪ್‌ಗೆ ಎಷ್ಟು ತಗೋತೀರಾ?" ಎಂದರು. ಸಂಕೋಚಕ್ಕೆ ಬಿದ್ದು ಬಹಳ ಕಡಿಮೆ ಹೇಳಿದೆ. ಅವರು ಅದರಲ್ಲೂ ಚೌಕಾಸಿ ಮಾಡಿದರು. ಬೆಳಿಗ್ಗೆ ಅವರ ಸೂಟ್‌ಕೇಸನ್ನು ಡಿಕ್ಕಿಗೆ ಎತ್ತಿಟ್ಟವನೂ ನಾನೇ.

ಈ ಹಳದಿಯ ಮೂಲಪುರುಷ ನನ್ನ ಭಾಮೈದ, ಪಾವಗಡದವನು. ಅವನ ತಲೆಯಲ್ಲಿ ಹುಟ್ಟುವ ವ್ಯಾಪಾರಗಳೆಲ್ಲ ನನ್ನ ಪಾಸ್‌ಬುಕ್ಕಿನಲ್ಲಿ ಕೊನೆಯುಸಿರೆಳೆಯುವುದು ನಮ್ಮ ಕುಟುಂಬದ ಸಂಪ್ರದಾಯ. ನಾನು ಹೊಸ ಕಾರು ಕೊಳ್ಳುವ ಮಾತೆತ್ತಿದ್ದೇ ತಡ, ರಾತ್ರೋರಾತ್ರಿ ಬಸ್ಸು ಹತ್ತಿ ಬಂದ. "ಭಾವ, ನೀವು ಕೂತಿರೋದು ಎಲ್ಲಿ? ಹೆಬ್ಬಾಳ. 2008ರಲ್ಲಿ ಏರ್‌ಪೋರ್ಟು ದೇವನಹಳ್ಳಿಗೆ ಹೋದಾಗಿಂದ ಅರ್ಧ ಬೆಂಗಳೂರು ನಿಮ್ಮನೆ ಮುಂದೇನೇ ಹಾದು ವಿಮಾನ ಹತ್ತುತ್ತೆ. ಗಂಗೆ ಬಾಗಿಲಲ್ಲಿ ಹರೀತಿದ್ರೆ ನೀವು ಬಾಯಾರ್ಕೊಂಡು ಕೂತಿದ್ದೀರಲ್ಲ!" ವೈಟ್ ಬೋರ್ಡ್ ತೆಗೆದುಕೊಂಡರೆ ಐದರಿಂದ ಹತ್ತು ಲಕ್ಷದ ಕಾರಿಗೆ ಶೇ 14 ಲೈಫ್ ಟ್ಯಾಕ್ಸು, ಅದರ ಮೇಲೆ ಸೆಸ್ಸು, ಎಲ್ಲೋ ಬೋರ್ಡಿನ ಲೆಕ್ಕವೇ ಬೇರೆ ಎಂದ. ವಾರವೆಲ್ಲ ಡ್ರೈವರ್ ದುಡಿದು ಇಎಂಐ ಕಟ್ಟುತ್ತಾನೆ, ಭಾನುವಾರ ನಾವು ಗುಡಿ ಗೋಪುರ ಸುತ್ತುತ್ತೇವೆ. ಕಾರು ನಮ್ಮನ್ನು ಸಾಕುತ್ತದೆ. ನನ್ನವಳು ತಮ್ಮನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು. ಅಲ್ಲಿಗೆ ನಮ್ಮ ಮನೆಯ ಮಂತ್ರಿಮಂಡಲದ ಒಪ್ಪಿಗೆ ಸಿಕ್ಕಿತು.

ಡ್ರೈವರ್ ಸ್ವಲ್ಪ ದಿನಕ್ಕೇ ಹೆಚ್ಚಿನ ಸಂಬಳ ಹುಡುಕಿಕೊಂಡು ಹೋದ. ಉಳಿದವನು ನಾನು. ನನ್ನಲ್ಲಿರುವುದು ಮಾಮೂಲಿ ಕಾರಿನ ಲೈಸೆನ್ಸು. ಇದರಲ್ಲಿ ಎಲ್ಲೋ ಬೋರ್ಡ್ ಓಡಿಸಲಾಗದು ಎಂದು ತಪ್ಪಿಸಿಕೊಳ್ಳಲು ನೋಡಿದೆ. ಆದರೆ 7,500 ಕೆಜಿ ಮೀರದ ಗಾಡಿಯಾದರೆ ಲಘು ವಾಹನದ ಲೈಸೆನ್ಸಿನಲ್ಲೇ ಬಾಡಿಗೆ ಗಾಡಿಯನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತ್ತು. 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳು ಕೂತು ಅದನ್ನೇ ಎತ್ತಿಹಿಡಿದರು. "ಐದು ಜನ ಜಡ್ಜುಗಳಿಗೆ ನಿಮ್ಮ ಮೇಲೆ ಇಷ್ಟು ನಂಬಿಕೆ ಇದೆ ನೋಡ್ರೀ. ಅವರು ಯಾರೂ ನಿಮ್ಮ ಪಕ್ಕ ಕೂತಿಲ್ಲ ಅಂತ ಕಾಣುತ್ತೆ" ಎಂದಳು ನನ್ನವಳು.

ಹಳದಿ ಬೋರ್ಡೆಂದರೆ ಬರೀ ಬಣ್ಣವಲ್ಲ, ಅದೊಂದು ಸಂಸಾರ. ಗಂಟೆಗೆ 80 ಕಿಲೋಮೀಟರ್ ದಾಟದಂತೆ ಸ್ಪೀಡ್ ಗವರ್ನರ್. ನಾನು ಅರವತ್ತು ದಾಟಿದವನೇ ಅಲ್ಲವಾದ್ದರಿಂದ ಅದು ನನಗೆ ಮಾಡಿದ ಅವಮಾನವೆಂದೇ ತಿಳಿದಿದ್ದೇನೆ. ಎಫ್‌ಸಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷ. ಗಾಡಿ ಎಲ್ಲಿದೆಯೆಂದು ಹೇಳುವ ಜಿಪಿಎಸ್ ಪೆಟ್ಟಿಗೆ ಕೂರಿಸಿದ ದಿನ ನನ್ನವಳು ಆ ಮೆಕ್ಯಾನಿಕ್ಕನ್ನು ಬದಿಗೆ ಕರೆದು, ಇದರ ಸಣ್ಣ ಸೈಜು ಮನುಷ್ಯರಿಗೂ ಬರುತ್ತದೆಯೇ ಎಂದು ವಿಚಾರಿಸಿದಳು. ಜೊತೆಗೆ ಸೀಟಿನ ಪಕ್ಕದಲ್ಲಿ ಕೆಂಪು ಪ್ಯಾನಿಕ್ ಬಟನ್ನು. ನಮ್ಮತ್ತೆ ಅದನ್ನು ಬಸ್ಸಿನ ಬೆಲ್ಲು ಎಂದು ತಿಳಿದು ಕೊಡಿಗೇಹಳ್ಳಿ ಹತ್ತಿರ ಒತ್ತಿಬಿಟ್ಟರು. ಸ್ವಲ್ಪ ಹೊತ್ತಿಗೆ ಫೋನು ಬಂತು, ಏನಾದರೂ ತೊಂದರೆಯೇ ಎಂದು. ನಾನು ತಡವರಿಸುತ್ತಿದ್ದಾಗ ಅತ್ತೆ ಹಿಂದಿನಿಂದ, "ತೊಂದ್ರೆ ಏನಿಲ್ಲಪ್ಪ, ಅಳಿಯಂದ್ರು ಭಾಳ ನಿಧಾನ ಓಡಿಸ್ತಾರೆ" ಎಂದು ದೂರು ದಾಖಲಿಸಿದರು.

ಹೆಬ್ಬಾಳದಲ್ಲಿ ಇರುವವರಿಗೆ ಒಂದು ಸೌಕರ್ಯವಿದೆ. 2003ರಲ್ಲಿ ಬಂದ ಫ್ಲೈಓವರಿನ ಕೃಪೆಯಿಂದ, ಮುಂದೆ ನಿಂತ ಗಾಡಿಯ ನಂಬರ್ ಪ್ಲೇಟನ್ನು ಓದಿ, ಅರ್ಥಮಾಡಿಕೊಂಡು, ಅದರ ಮೇಲೆ ಚಿಂತನೆ ನಡೆಸುವಷ್ಟು ಪುರುಸೊತ್ತು ದಿನವೂ ಸಿಗುತ್ತದೆ. ಕೆಎ-04 ಯಶವಂತಪುರ, ಕೆಎ-50 ಯಲಹಂಕ, ಕೆಎ-43 ದೇವನಹಳ್ಳಿ. ಬಿಳಿಯ ಮೇಲೆ ಕಪ್ಪು ಅಕ್ಷರವಾದರೆ ಸ್ವಂತದ್ದು, ಹಳದಿಯ ಮೇಲೆ ಕಪ್ಪಾದರೆ ಬಾಡಿಗೆಯದು, ಕಪ್ಪಿನ ಮೇಲೆ ಹಳದಿಯಾದರೆ ಬಾಡಿಗೆಗೆ ತಗೊಂಡು ತಾನೇ ಓಡಿಸುವುದು. ಹಸಿರಾದರೆ ಎಲೆಕ್ಟ್ರಿಕ್, ಅದರಲ್ಲೂ ಬಿಳಿ ಅಕ್ಷರ ಮನೆಯದು, ಹಳದಿ ಅಕ್ಷರ ದುಡಿಯುವುದು. ಎದುರು ಮನೆಯವರ ಅಳಿಯನದು ಬಿಎಚ್ ಸೀರೀಸ್, 2021ರಲ್ಲಿ ಶುರುವಾದದ್ದು. ಊರೂರಿಗೆ ವರ್ಗವಾಗುವ ನೌಕರರು ರಾಜ್ಯ ಬದಲಾದಾಗಲೆಲ್ಲ ಹೊಸ ನಂಬರು ಹಾಕಿಸಬೇಕಿಲ್ಲ. ಆದರೆ ಅದು ಸ್ವಂತದ ಗಾಡಿಗೆ ಮಾತ್ರ. ದುಡಿಯುವ ಗಾಡಿಗೆ ಭಾರತವೆಲ್ಲ ಒಂದೇ ಎನ್ನುವ ಭಾಗ್ಯ ಸುಮ್ಮನೆ ಬರುವುದಿಲ್ಲ, ಪರ್ಮಿಟ್ ತೆಗೆಸಿಕೊಂಡು ಬರಬೇಕು.

ರಾತ್ರಿ ಎಸ್ಟೀಮ್ ಮಾಲ್ ಬಳಿ ಹೈದರಾಬಾದಿನ ಸ್ಲೀಪರ್ ಬಸ್ಸುಗಳು ಬಂದು ನಿಲ್ಲುತ್ತವೆ. ಅತ್ತೆ ಅವುಗಳ ಪ್ಲೇಟು ಓದಿಸಿಕೊಂಡು, "ಎನ್ನೆಲ್ ಅಂದ್ರೆ ಯಾವೂರು ಅಳಿಯಂದ್ರೇ?" ಎಂದರು. ನಾಗಾಲ್ಯಾಂಡ್ ಎಂದೆ. "ಅಯ್ಯೋ, ಅಷ್ಟು ದೂರದಿಂದ ದಿನಾ ಬಂದು ಹೈದರಾಬಾದಿಗೆ ಹೋಗ್ತಾರಾ ಪಾಪ!" ಬಸ್ಸು ನಾಗಾಲ್ಯಾಂಡಿನ ಬೆಟ್ಟಗಳನ್ನು ಕಂಡೇ ಇರಲಿಕ್ಕಿಲ್ಲ ಎಂದು ನಾನು ಉಪನ್ಯಾಸ ಶುರುಮಾಡಿದೆ. ಕರ್ನಾಟಕದಲ್ಲಿ ಇಂಥ ಬಸ್ಸಿಗೆ ಸೀಟಿನ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟಬೇಕು, ಅಲ್ಲಿ ಬಹಳ ಅಗ್ಗ. ಅಲ್ಲಿ ನೋಂದಾಯಿಸಿ, ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ತೆಗೆದು, ದಕ್ಷಿಣದಲ್ಲೇ ಓಡಿಸುವುದು. 2021ರಲ್ಲಿ ಹೊಸ ನಿಯಮ ಬಂದು ಪರ್ಮಿಟ್ಟು ಆನ್‌ಲೈನಿನಲ್ಲೇ ಸಿಗುವಂತಾಯಿತು, 2023ರಲ್ಲಿ ಅದನ್ನೂ ತಿದ್ದಿ ಬರೆದರು. ಇದಕ್ಕೆ ಸಿಟ್ಟಾದ ತಮಿಳುನಾಡು 2024ರ ಜೂನ್‌ನಲ್ಲಿ, ನಮ್ಮಲ್ಲಿ ಓಡುವ ಬಸ್ಸುಗಳು ನಮ್ಮಲ್ಲೇ ನೋಂದಣಿಯಾಗಬೇಕು ಎಂದು ಪಟ್ಟು ಹಿಡಿಯಿತು. ಅತ್ತೆ ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ನಿಮ್ಮದೂ ಅಲ್ಲೇ ಬರೆಸಬಾರದಾಗಿತ್ತಾ? ಇಷ್ಟೆಲ್ಲ ಗೊತ್ತಿದ್ದೂ ಸುಮ್ನಿದ್ರಲ್ಲ" ಎಂದರು. ನನ್ನ ವಿದ್ವತ್ತು ಈ ಮನೆಯಲ್ಲಿ ಯಾವಾಗಲೂ ನನ್ನ ವಿರುದ್ಧದ ಸಾಕ್ಷಿಯಾಗಿಯೇ ದಾಖಲಾಗುವುದು.

ಭಾಮೈದನ ಮಗುವಿನ ನಾಮಕರಣ ಬಂತು. ಪಾವಗಡದಲ್ಲಿ, ಹೇಗೂ ಶನಿಮಹಾತ್ಮನಿಗೆ ಎಳ್ಳುದೀಪ ಹಚ್ಚಿದಂತೆಯೂ ಆಯಿತು. ಸುತ್ತೋಲೆ ಓದುವ ಚಟ ನಿವೃತ್ತಿಯ ಮೇಲೂ ಬಿಡದ ನಾನು ಪರ್ಮಿಟ್ ಹಾಳೆಯನ್ನು ಬಿಡಿಸಿ ಓದಿದೆ. ಭಾಮೈದ ಖರ್ಚು ಉಳಿಸಲು ತೆಗೆಸಿದ್ದದ್ದು ಬರೀ ಕರ್ನಾಟಕದ ಪರ್ಮಿಟ್ಟು. ಊಟಕ್ಕೆ ಕೂತಾಗ ಸುದ್ದಿ ಸ್ಫೋಟಿಸಿದೆ: "ನಮ್ಮ ಕಾರು ಪಾವಗಡಕ್ಕೆ ಬರೋ ಹಾಗಿಲ್ಲ."

"ಯಾಕ್ರೀ? ಪಾವಗಡ ಕರ್ನಾಟಕ ಅಲ್ವಾ? ತುಮಕೂರು ಜಿಲ್ಲೆ. ನಮ್ಮಪ್ಪ ಮೇಷ್ಟ್ರಾಗಿ ಪೆನ್ಷನ್ ತಗೊಂಡಿದ್ದು ವಿಧಾನಸೌಧದಿಂದಾನೇ."

"ಪಾವಗಡ ಕರ್ನಾಟಕದಲ್ಲೇ ಇದೆ ಕಣೇ. ದಾರಿ ಇಲ್ಲ."

ತಟ್ಟೆಯಲ್ಲೇ ಭೂಪಟ ಬಿಡಿಸಿದೆ. ಅನ್ನವೆಲ್ಲ ಆಂಧ್ರ. ಅದರೊಳಗೆ ಮೂರು ಕಡೆ ಮುಚ್ಚಿಹೋದ ಉಪ್ಪಿನಕಾಯಿ ಹೋಳು ಪಾವಗಡ. ಮೈಸೂರು ಅರಸರ ಕಾಲದಲ್ಲೂ ಅದು ಮದರಾಸು ಪ್ರಾಂತ್ಯದೊಳಗೆ ಹೀಗೇ ಚಾಚಿಕೊಂಡಿತ್ತು. 1953ರಲ್ಲಿ ಆಂಧ್ರ ಬೇರೆಯಾಯಿತು, 1956ರಲ್ಲಿ ರಾಜ್ಯಗಳ ಗಡಿಯನ್ನೆಲ್ಲ ಹೊಸದಾಗಿ ಬರೆದರು, ಪಾವಗಡ ಮಾತ್ರ ಇದ್ದಲ್ಲೇ ಉಳಿಯಿತು. ಮಧುಗಿರಿ ದಾಟಿದ ಮೇಲೆ ರಸ್ತೆ ಮಡಕಶಿರಾ ಸೀಮೆಗೆ ನುಗ್ಗುತ್ತದೆ. ಅದು ಹಿಂದೆ ಅನಂತಪುರ ಜಿಲ್ಲೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಅಲ್ಲಿಂದ ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಅಂಗಡಿ ಬೋರ್ಡಿನ ಲಿಪಿ ತೆಲುಗಾಗಿ ಮತ್ತೆ ಕನ್ನಡವಾಗುವಷ್ಟರ ಆ ತುಂಡಿನಲ್ಲಿ ನಾವು ಅನ್ಯರಾಜ್ಯದವರು.

"ಉಪ್ಪಿನಕಾಯಿ ಮುಟ್ಟಬೇಡಿ, ಬಿಪಿ ಇದೆ" ಎಂದು ನನ್ನವಳು ಪಾವಗಡವನ್ನು ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡಳು. "ಹೋದ ಸಲ ಹಳೇ ಕಾರಲ್ಲಿ ಹೋಗಿದ್ವಲ್ಲ, ಯಾರು ಕೇಳಿದ್ರು?"

ಅದೇ ತಮಾಷೆ ನೋಡಿ. ಹಳೆಯದು ವೈಟ್ ಬೋರ್ಡು. ಸ್ವಂತದ ಗಾಡಿಯನ್ನು ಒಂದು ರಾಜ್ಯದಲ್ಲಿ ನೋಂದಾಯಿಸಿದರೆ ದೇಶವೆಲ್ಲ ಓಡಾಡಬಹುದು. ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಝಾಂಡಾ ಹೂಡಿದರಷ್ಟೇ ಅಲ್ಲಿನ ನಂಬರು ಹಾಕಿಸಬೇಕು. ಈಗ ಅದೇ ರಸ್ತೆ, ಅದೇ ಹೆಂಡತಿ, ಅದೇ ಅತ್ತೆ, ಅದೇ ಡಿಕ್ಕಿಯಲ್ಲಿ ಅದೇ ಕಡ್ಲೆಕಾಯಿ ಮೂಟೆ. ಆದರೆ ಗಾಡಿ ಬಾಡಿಗೆಯದು. ಅತ್ತೆ ಕಾಸು ಕೊಡುವುದಿಲ್ಲವಲ್ಲ ಎಂದರೆ ಕಾನೂನು ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನ ಪ್ರಕಾರ ಇಂಥ ಗಾಡಿ ರಸ್ತೆಗಿಳಿಯಲು ಪರ್ಮಿಟ್ ಬೇಕೇ ಬೇಕು, ಒಳಗೆ ಜನ ಇರಲಿ ಇಲ್ಲದಿರಲಿ. ಖಾಲಿ ಹೋದರೂ ಅಷ್ಟೇ. "ಖಾಲಿ ಗಾಡಿಗೂ ಪರ್ಮಿಷನ್ನಾ!" ಎಂದು ಅತ್ತೆ ಬೆರಗಾದರು. ನನಗೇನೂ ಬೆರಗಾಗಲಿಲ್ಲ. ನಾನು ಖಾಲಿ ಕೈಯಲ್ಲಿ ಬೀದಿ ಕೊನೆಯ ಅಂಗಡಿಯವರೆಗೆ ಹೋಗುವುದಕ್ಕೂ ಒಳಗಿನಿಂದ ಅಪ್ಪಣೆಯಾಗಬೇಕು.

ಇಲ್ಲಿ ಸ್ವಲ್ಪ ಚರಿತ್ರೆ ಬೆರೆಸಿದರೆ ಗಾಂಭೀರ್ಯ ಬರುತ್ತದೆಂದು ನನಗನ್ನಿಸಿತು. ನಮ್ಮ ಹೆಬ್ಬಾಳದಲ್ಲೇ 2018ರಲ್ಲಿ ಒಂದು ವೀರಗಲ್ಲು ಸಿಕ್ಕಿತು, ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಸುಮಾರಿನದು. ರಟ್ಟವಾಡಿಯ ದಾಳಿಯಲ್ಲಿ ಕಾದಿ ಸತ್ತ ಕಿತ್ತಯ್ಯ ಎಂಬುವನ ಕಲ್ಲು. ಅದರಲ್ಲಿ ಈ ಸೀಮೆಯ ಹೆಸರು ಪೆರ್ಬೊಳಲ್‌ನಾಡು ಮೂವತ್ತು. ಅಂದರೆ ಮೂವತ್ತು ಊರುಗಳ ಸರಹದ್ದು. "ಆಗಲೂ ಇಲ್ಲಿ ಗಡಿ ಇತ್ತು, ಗಡಿಗಾಗಿ ಜನ ಪ್ರಾಣ ಕೊಡ್ತಿದ್ರು" ಎಂದು ದನಿ ತಗ್ಗಿಸಿ ಹೇಳಿದೆ.

"ಆ ಮೂವತ್ತರಲ್ಲಿ ಪಾವಗಡ ಇತ್ತೇನ್ರೀ?"

ಇರಲಿಲ್ಲ ಎಂದೆ.

"ಮತ್ತೆ ಅದು ಈಗ್ಯಾಕೆ?"

ರಾತ್ರಿ ನಿದ್ದೆಗೆಟ್ಟು ಕಾಯ್ದೆ ಜಾಲಾಡಿದೆ. 88ನೇ ಕಲಮಿನ ಒಂದು ಮೂಲೆಯಲ್ಲಿ ಪಾವಗಡದವರಿಗಾಗಿಯೇ ಬರೆದಂತಿದ್ದ ಒಂದು ವಾಕ್ಯ ಸಿಕ್ಕಿತು. ಹೊರಡುವ ಜಾಗ, ಸೇರುವ ಜಾಗ ಎರಡೂ ಒಂದೇ ರಾಜ್ಯದಲ್ಲಿದ್ದು, ಮಧ್ಯದ ಒಂದಷ್ಟು ಮಾರ್ಗ ಮಾತ್ರ ಬೇರೆ ರಾಜ್ಯದಲ್ಲಿ ಬಿದ್ದಿದ್ದರೆ, ಆ ಭಾಗ 16 ಕಿಲೋಮೀಟರ್ ಮೀರದಿದ್ದರೆ, ಆ ರಾಜ್ಯದವರ ಮೇಲುರುಜು ಇಲ್ಲದೆಯೂ ನಿಮ್ಮ ಪರ್ಮಿಟ್ಟು ಅಲ್ಲಿ ನಡೆಯುತ್ತದೆ! ಆರ್ಕಿಮಿಡೀಸ್ ಬಚ್ಚಲಿನಿಂದ ಓಡಿದಂತೆ ನಾನು ಹಾಸಿಗೆಯಿಂದೆದ್ದು ಹೆಂಡತಿಯನ್ನು ಎಬ್ಬಿಸಿದೆ. ಆಕೆ ಗಡಿಯಾರ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ಕಾನೂನನ್ನು ಬೆಳಿಗ್ಗೆ ಜಾರಿಗೆ ತರೋಣ ಎಂದು ನಾನೇ ಹಿಂದೆ ಸರಿದೆ.

ಬೆಳಿಗ್ಗೆಯಿಂದ ಫೋನು. ಆಂಧ್ರದ ತುಂಡು ಎಷ್ಟು ಉದ್ದ? ಭಾಮೈದ ಹನ್ನೆರಡೇ ಕಿಲೋಮೀಟರ್ ಎಂದ. ಸೋದರಮಾವ ಹದಿನೆಂಟಕ್ಕೆ ಒಂದಿಂಚೂ ಕಡಿಮೆಯಿಲ್ಲ ಎಂದರು. ಅವರು ಹುಡುಗರಾಗಿದ್ದಾಗ ಅದನ್ನು ಸೈಕಲ್ಲಿನಲ್ಲಿ ತುಳಿದವರು, ಏರುದಾರಿ ಬೇರೆ. ದೊಡ್ಡಮ್ಮ ಮಾತ್ರ, ಮಧ್ಯೆ ಬರುವ ಇಂಥಿಂಥ ಹಳ್ಳಿ ಆಂಧ್ರವೇ ಅಲ್ಲ, ಅಲ್ಲಿ ನಮ್ಮ ಬೀಗರಿದ್ದಾರೆ, ಮನೆಯಲ್ಲಿ ಕನ್ನಡವೇ ಮಾತಾಡುತ್ತಾರೆ ಎಂದು ಆ ಊರುಗಳನ್ನು ಲೆಕ್ಕದಿಂದಲೇ ತೆಗೆದುಹಾಕಿದರು. ದೊಡ್ಡಮ್ಮನ ಗಡಿ ಆಯೋಗದ ವರದಿಯ ಪ್ರಕಾರ ಉಳಿದದ್ದು ಹೆಚ್ಚೆಂದರೆ ನಾಲ್ಕು ಕಿಲೋಮೀಟರ್. ಅಷ್ಟರಲ್ಲಿ ನನಗೆ ಇನ್ನೊಂದು ಅನುಮಾನ ಬಂತು. ಆ ವಾಕ್ಯ ಮಾತಾಡುವುದು 'ಮಾರ್ಗ'ದ ಬಗ್ಗೆ. ಮಾರ್ಗ ಇರುವುದು ರೂಟ್ ಬಸ್ಸಿಗೆ. ಕ್ಯಾಬಿಗೆ ಎಲ್ಲಿಯ ಮಾರ್ಗ? ಕರೆದವರ ಹಿಂದೆ ಹೋಗುವುದೇ ಅದರ ಮಾರ್ಗ. ಈ ಅನುಮಾನವನ್ನು ಜೋರಾಗಿ ಹೇಳಿದ್ದರಿಂದ ಮನೆಯಲ್ಲಿ ನನಗಿದ್ದ ಅಷ್ಟಿಷ್ಟು ಬೆಂಬಲವೂ ಹೋಯಿತು.

"ಭಾವ, ಯಾರು ಹಿಡೀತಾರೆ? ಫ್ಯಾಮಿಲಿ ಅಂದ್ರೆ ಬಿಟ್ಬಿಡ್ತಾರೆ" ಎಂದ ಭಾಮೈದ. ಪರ್ಮಿಟ್ಟಿಲ್ಲದೆ ಓಡಿಸಿದರೆ 2019ರ ತಿದ್ದುಪಡಿಯ ಪ್ರಕಾರ ಹತ್ತು ಸಾವಿರ ದಂಡ, ಆರು ತಿಂಗಳವರೆಗೆ ಸೆರೆಮನೆ ಎಂದೆ. ನನ್ನವಳು ಸಾರಿಗೆ ಒಗ್ಗರಣೆ ಹಾಕುತ್ತಾ, "ಆರು ತಿಂಗಳೂ ಊಟ ತಿಂಡಿ ಅವರದ್ದೇನಾ?" ಎಂದು ವಿಚಾರಿಸಿದಳು. ಕಾನೂನು ಪ್ರಕಾರ ಹೋಗುವ ದಾರಿಯೂ ಇತ್ತೆನ್ನಿ. ಆ ಒಂದು ಪ್ರಯಾಣಕ್ಕೆಂದೇ ಸ್ಪೆಷಲ್ ಪರ್ಮಿಟ್ ತೆಗೆದು, ಆಂಧ್ರದ ಬಾರ್ಡರ್ ಟ್ಯಾಕ್ಸನ್ನು ಆನ್‌ಲೈನಿನಲ್ಲಿ ಕಟ್ಟಿ, ಎರಡೂ ರಸೀದಿ ಪ್ರಿಂಟು ಹಾಕಿಸಿ ಇಟ್ಟುಕೊಳ್ಳುವುದು. ಜಿಎಸ್‌ಟಿ ಬಂದಾಗ 2017ರಲ್ಲಿ ಮಾರಾಟ ತೆರಿಗೆಯ ಚೆಕ್‌ಪೋಸ್ಟ್‌ಗಳು ಹೋದವು, ಆದರೆ ಬಾಡಿಗೆ ಗಾಡಿಯ ತೆರಿಗೆ ಹಾಗೆಲ್ಲ ಹೋಗುವಂಥದ್ದಲ್ಲ. ಇಲ್ಲವಾದರೆ ಚಿತ್ರದುರ್ಗದ ಕಡೆಯಿಂದ ಸುತ್ತಿಹೋಗುವುದು. ಪಾವಗಡಕ್ಕೆ ಕರ್ನಾಟಕ ಅಂಟಿಕೊಂಡಿರುವುದು ಆ ಮಗ್ಗುಲಲ್ಲಿ. "ನಾಮಕರಣ ಮಾಡ್ಬೇಕಾಗಿರೋ ಮಗು ಅಷ್ಟೊತ್ತಿಗೆ ಸ್ಕೂಲಿಗೆ ಸೇರಿರುತ್ತೆ" ಎಂದಳು ನನ್ನವಳು. ಕೆಳಗಿನ ಮನೆಯ ಹುಡುಗನದು ಎಲೆಕ್ಟ್ರಿಕ್ ಕ್ಯಾಬು. ಬ್ಯಾಟರಿ ಗಾಡಿಗೆ ಪರ್ಮಿಟ್ಟೇ ಬೇಡವೆಂದು ಕೇಂದ್ರ 2018ರಲ್ಲೇ ಆದೇಶ ಹೊರಡಿಸಿದೆ ಎಂದು ಅವನು ಮೆಟ್ಟಿಲ ಮೇಲೆ ನಿಂತು ನೆನಪಿಸಿ ಹೋದ. ಇಂಥ ನೆರೆಹೊರೆಯವರಿಗೂ ಒಂದು ಪರ್ಮಿಟ್ ಇರಬೇಕಿತ್ತು.

ಕೊನೆಗೆ ತೀರ್ಪು ಕೊಟ್ಟವರು ಅತ್ತೆ. "ನಾನು ಮಧುಗಿರೀಲಿ ನಮ್ಮ ತಂಗೀನ ಹತ್ತಿಸ್ಕೋಬೇಕು ಅಂತಿದ್ದೆ. ಕಾರಲ್ಲಿ ಜಾಗ ಆಗುತ್ತಾ?" ಜಾಗದ ಪ್ರಶ್ನೆಯಲ್ಲ ಅತ್ತೆ, ನಮ್ಮದು ಕಾಂಟ್ರಾಕ್ಟ್ ಕ್ಯಾರೇಜು, ದಾರಿಯಲ್ಲಿ ಸಿಕ್ಕವರನ್ನು ಹತ್ತಿಸುವುದು ಇಳಿಸುವುದು ರೂಟ್ ಬಸ್ಸಿನ ಕೆಲಸ ಎಂದು ನಾನು ಬಾಯಿಬಿಟ್ಟೆ. "ಹಂಗಾದ್ರೆ ಬಸ್ಸಲ್ಲೇ ಹೋಗೋಣ ಬಿಡಿ" ಎಂದರು ಅವರು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ; ಆಧಾರ್ ತೋರಿಸಿದರೆ ಹೆಂಗಸರಿಗೆ ದುಡ್ಡಿಲ್ಲ.

ಗೊರಗುಂಟೆಪಾಳ್ಯದಲ್ಲಿ ಕೆಂಪು ಬಸ್ಸು ಹತ್ತಿದೆವು. ಅಮ್ಮ ಮಗಳು ಶೂನ್ಯದ ಟಿಕೆಟ್ಟು ಹಿಡಿದು ಕಿಟಕಿಯ ಪಕ್ಕ ಕೂತರು, ನಾನು ಪೂರ್ತಿ ದುಡ್ಡು ತೆತ್ತು ಕಡ್ಲೆಕಾಯಿ ತುಂಬಬೇಕಿದ್ದ ಖಾಲಿ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮಧುಗಿರಿಯಲ್ಲಿ ಚಿಕ್ಕತ್ತೆ ಹತ್ತಿದರು, ನನ್ನ ಸೀಟು ಅವರದಾಯಿತು. ನಿಂತೇ ಇದ್ದದ್ದರಿಂದ ಒಂದು ಅನುಕೂಲ, ಕಿಲೋಮೀಟರ್ ಕಲ್ಲುಗಳು ಚೆನ್ನಾಗಿ ಕಾಣುತ್ತಿದ್ದವು. ತೆಲುಗು ಬೋರ್ಡು ಕಂಡ ತಕ್ಷಣ ಎಣಿಸತೊಡಗಿದೆ. ಇನ್ನೇನು ಹತ್ತರ ಆಸುಪಾಸಿನಲ್ಲಿದ್ದಾಗ ಚಿಕ್ಕತ್ತೆ ತಿರುಗಿ, "ಅಳಿಯಂದ್ರೇ, ಕಾರು ತಗೊಂಡ್ರಂತಲ್ಲ, ಅದರಲ್ಲಿ ಯಾಕೆ ಬರಲಿಲ್ಲ?" ಎಂದು ಕೇಳಿದರು. ನಾನು 66ನೇ ಕಲಮಿನಿಂದ ಆರಂಭಿಸಿ 88ಕ್ಕೆ ಬರುವಷ್ಟರಲ್ಲಿ ಬೋರ್ಡುಗಳು ಕನ್ನಡಕ್ಕೆ ತಿರುಗಿದ್ದವು, ಲೆಕ್ಕ ತಪ್ಪಿಹೋಗಿತ್ತು.

ನಾಮಕರಣ ಸಾಂಗವಾಗಿ ನಡೆಯಿತು. ಊಟವಾದ ಮೇಲೆ ಭಾಮೈದ ಎಲೆ ಅಡಿಕೆ ತಟ್ಟೆ ಹಿಡಿದು ಪಕ್ಕದಲ್ಲಿ ಬಂದು ಕೂತ. "ಭಾವ, ಕ್ಯಾಬಿನ ಸಹವಾಸ ಸಾಕು. ಒಂದು ಲಾರಿ ತಗೊಳ್ಳೋಣ. ನ್ಯಾಷನಲ್ ಪರ್ಮಿಟ್ ಅಂತ ವರ್ಷಕ್ಕೆ 16,500 ಕಟ್ಟಿಬಿಟ್ರೆ ಆಂಧ್ರ ಏನು, ಕಾಶ್ಮೀರದ ತನಕ ಯಾರೂ ಅಡ್ಡ ಹಾಕಂಗಿಲ್ಲ. ಪಾವಗಡದ ಕಡ್ಲೆಕಾಯಿ ಹೋಗೋದು, ಬರ್ತಾ ಅಲ್ಲಿಂದ ಸೇಬು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನವಳು ಕಣ್ಣಲ್ಲೇ ಬೇಡ ಎಂದಳು. ಅಷ್ಟರಲ್ಲಿ ನಾನು ಎಷ್ಟು ಚಕ್ರದ್ದು ಎಂದು ಕೇಳಿಬಿಟ್ಟಿದ್ದೆ.